ಗುರುವಾರದ ಬಟ್ಟಲು

ಆಟಕ್ಕೆ ಟೀ ಬೇಕು ಅಜ್ಜಿ, ಎಂದ ಸ್ಟ್ರೂವನ್.
ಕುಡಿಯುವುದಕ್ಕೆ ಹೌದು, ಆದರೆ ಬರೀ ಕುಡಿಯುವುದಕ್ಕಲ್ಲ.
ನಮ್ಮ ರಾಜ್ಯದ ಗಡಿಯಲ್ಲಿ ಒಬ್ಬ ಮಾಟಗಾತಿಯ ಅಂಗಡಿ ಇದೆ,
ಎಲೆ ಮಾರುತ್ತಾಳೆ, ಚರಟ ನೋಡಿ ಹಣೆಬರಹ ಹೇಳುತ್ತಾಳೆ.
ಯಾರವಳು? ಎಂದೆ.
ನೀನೇ, ಎಂದ.

ಎಪ್ಪತ್ತೊಂದನೆಯ ವಯಸ್ಸಿಗೆ ಹೊಸ ಕೆಲಸ ಸಿಕ್ಕಿತು.

ನಾಲ್ಕು ಡಬ್ಬ ತೊಳೆದು ಕಿಟಕಿಯಲ್ಲಿ ಬೋರಲು ಹಾಕಿದೆ.
ಒಂದಕ್ಕೆ ಹೊಗೆ ಕುಡಿದ ಕಪ್ಪೆಲೆ. ಮೂಸಿದರೆ
ಆರ್‌ಬ್ರೋತ್ ಬಂದರಿನ ಹಿಂದಣ ಓಣಿಯೇ:
ಬಾಲಕ್ಕೆ ಬಾಲ ಕಟ್ಟಿ ಜೋಡಿ ಜೋಡಿ ಮೀನು
ನೇತುಬಿಟ್ಟ ಹೊಗೆಗೂಡು.
ಅದಕ್ಕವನು ಅಂಟಿಸಿದ ಚೀಟಿ: ಡ್ರ್ಯಾಗನ್ನಿನ ನಿಟ್ಟುಸಿರು.
ಎರಡನೆಯದಕ್ಕೆ ಗುಡ್ಡದ ಹೆದರ್ ಹೂ,
ಆಗಸ್ಟಿನಲ್ಲಿ ಮಂಡಿನೋವಿನೊಡನೆ ನಾನೇ ಬಿಡಿಸಿದ್ದು.
ಮೂರನೆಯದಕ್ಕೆ ಕಿತ್ತಳೆ ಸಿಪ್ಪೆ, ಲವಂಗ. ಕಳ್ಳರಿಗೆ, ಎಂದ.
ನಾಲ್ಕನೆಯದು ಸಾದಾ ಪುಡಿ.
ಚೀಟಿಯಿಲ್ಲ. ಅದು ನನ್ನದು.

ಗುರುವಾರ, ಮೀನು ಕರಿಯುವ ಅಂಗಡಿಯ ಮಾಳಿಗೆ.
ಇಪ್ಪತ್ತು ಮುಖದ ದಾಳ ಮೇಜಿನ ಮೇಲೆ
ಹಲ್ಲು ಕಿತ್ತು ಎಸೆದಂತೆ ಉರುಳುತ್ತದೆ.
ಹಗಲು ಔಷಧದಂಗಡಿಯಲ್ಲಿ ಮಾತ್ರೆ ಎಣಿಸುವ ಐಲ್ಸಾ
ಇಲ್ಲಿ ಕಳ್ಳಿ, ಮೂರು ರಾಜರ ಖಜಾನೆ ತೊಳೆದವಳು.
ಬಸ್ಸು ಓಡಿಸುವ ಇನಿಸ್ ಒಂದು ಕೈ ಕಳೆದುಕೊಂಡ ದಳಪತಿ.
ಅವನಿಗೊಂದು ಕುದುರೆ; ಅದರ ಬಗ್ಗೆ ಬಹಳ ಮಾತಾಡುತ್ತಾನೆ.

ಕುಡಿಯಿರಿ. ತಳದಲ್ಲಿ ಒಂದು ಚಮಚ ಬಿಡಿ.
ಎಡಗೈಯಲ್ಲಿ ಹಿಡಿದು ಮೂರು ಸುತ್ತು.
ತಟ್ಟೆಗೆ ಮಗುಚಿ. ಸುಮ್ಮನಿರಿ.
ಹಿಡಿಯ ಬಳಿ ಕಂಡದ್ದು ಮನೆಯ ಮಾತು,
ಅಂಚಿನಲ್ಲಿದ್ದದ್ದು ಇಂದೋ ನಾಳೆಯೋ,
ತಳದಲ್ಲಿ ಕೂತದ್ದು ದೂರದ್ದು.
ಎಲ್ಲಿ ಓದಿದೆ ಅಜ್ಜಿ? ಎಂದಳು ಐಲ್ಸಾ.
ಓದಿದ್ದಲ್ಲ.

ಅಮ್ಮನ ಅಡುಗೆಮನೆಗೆ ಬೋಟಿನವರ ಹೆಂಡಂದಿರು
ಚಹಾಕ್ಕೆಂದು ಬರುತ್ತಿದ್ದರು.
ಯಾರೂ ಚಹಾಕ್ಕೆ ಬರುತ್ತಿರಲಿಲ್ಲ.
ಒಂದು ಬೆಳಗ್ಗೆ, ಗಾಳಿ ಇನ್ನೂ ಚಿಮಣಿಯಲ್ಲಿ ಗೊಣಗುತ್ತಿದ್ದಾಗ
ನ್ಯಾನ್ ಸ್ವಾಂಕಿ ಶಾಲು ಕೂಡ ತೆಗೆಯದೆ ಕೂತು ಕುಡಿದಳು.
ಅಮ್ಮ ಬಟ್ಟಲೊಳಗೆ ನೋಡಿದಳು. ಹೆಬ್ಬೆರಳಲ್ಲಿ
ಏನನ್ನೋ ಮೆಲ್ಲಗೆ ಒರೆಸಿದಳು.
ಬಾತುಕೋಳಿ, ನ್ಯಾನ್. ಶುಭ. ಬರುತ್ತಾನೆ.
ಎಂಟು ವರ್ಷದವಳು ನಾನು, ಮೇಜಿನೆತ್ತರ,
ಆ ಬೆರಳಿನ ಕಂದು ಕಲೆ ಮಾತ್ರ ಕಂಡೆ.

ಈ ಹುಡುಗರಿಗೆ ಶುಭ ಬೇಡ.
ಹಾವು ಎಂದರೆ ಚಪ್ಪಾಳೆ, ಶವಪೆಟ್ಟಿಗೆ ಎಂದರೆ
ಇನ್ನೊಂದು ಸುತ್ತು ಚಿಪ್ಸ್.
ಸ್ಟ್ರೂವನ್‌ನ ಕಟ್ಟಳೆ ಬೇರೆ: ದಾಳದಲ್ಲಿ ಹತ್ತರ ಕೆಳಗೆ ಬಿದ್ದರೆ
ಮಾಟಗಾತಿ ಸುಳ್ಳು ಹೇಳಬೇಕು,
ಮೇಲೆ ಬಿದ್ದರೆ ನಿಜ.
ಅಮ್ಮನ ಹತ್ತಿರ ದಾಳವಿರಲಿಲ್ಲ.

ಇನಿಸ್‌ನ ಬಟ್ಟಲಲ್ಲಿ ಒಂದು ಕಡ್ಡಿ ತೇಲಿತು.
ನಾನು ಬಾಯಿ ತೆರೆಯುವ ಮುಂಚೆ ಅದನ್ನೆತ್ತಿ
ಎಡಗೈ ಹಿಂಬದಿಗಿಟ್ಟು ಬಲಗೈಯಿಂದ ತಟ್ಟತೊಡಗಿದ:
ಒಂದು, ಎರಡು, ಮೂರು...
ಎಷ್ಟನೆಯ ಏಟಿಗೆ ಉದುರುತ್ತದೋ
ಅಷ್ಟು ದಿನಕ್ಕೆ ಒಬ್ಬ ಹೊರಗಿನವ ಬರುತ್ತಾನೆ.

ಯಾರು ಕಲಿಸಿದರು?
ಅಜ್ಜಿ. ನ್ಯಾನ್.
ಒಂಬತ್ತು ದಿನ ತಟ್ಟೆ ಹಾಕಿ ಕಾದಿದ್ದಳಂತೆ, ಎಂದ,
ಯಾರೋ ಏನೋ ಹೇಳಿದ್ದರು. ಒಳ್ಳೆಯ ಒಂಬತ್ತು ದಿನ ಅನ್ನುತ್ತಿದ್ದಳು.
ಹಾಗೆಂದು ಚಿಪ್ಸಿಗೆ ವಿನಿಗರ್ ಸುರಿದುಕೊಂಡ.

ದಾಳ ಎಸೆದ. ಹತ್ತೊಂಬತ್ತು.
ನಿಜ! ಎಂದು ಮೇಜು ಕುಟ್ಟಿದರು.

ಬಟ್ಟಲನ್ನು ದೀಪಕ್ಕೆ ವಾಲಿಸಿದೆ.
ಎಲೆ, ಎಂದೆ. ಎಲೆ ಇದೆ ಇನಿಸ್. ಒದ್ದೆ ಎಲೆ.

ಅದು ಆಟವಲ್ಲ ಅಜ್ಜಿ, ಸ್ಟ್ರೂವನ್ ಮುನಿಸಿಕೊಂಡ.
ಐಲ್ಸಾ ನಕ್ಕು ನಕ್ಕು ಕೆಮ್ಮಿದಳು.
ಇನಿಸ್ ಮಾತ್ರ ಬಹಳ ಹೊತ್ತು ಇಣುಕಿ ನೋಡಿ,
ಸರಿ, ಹಾಗಾದರೆ ಸೇತುವೆ ದಾಟುತ್ತೇನೆ, ಎಂದ.
ಕುದುರೆಗೆ ಬಾಯಾರಿದೆ.
ಚೀಟಿಯಿಲ್ಲದ ಡಬ್ಬದಿಂದ ಅವನಿಗೆ ಇನ್ನೊಂದು ಬಟ್ಟಲು ಸುರಿದೆ,
ಹೆಬ್ಬೆರಳು ಹೊರಗೇ ಇಟ್ಟು.